ಓಣಿಗೆ ಕತ್ತಲೆ, ಆಕಾಶಕ್ಕೆ ಬೆಳಕು

ಸರ್ಕಲ್ಲಿನಲ್ಲಿ ಎತ್ತರದ ಕಂಬ ನೆಟ್ಟು ಆಕಾಶ ಬೆಳಗಿಸಿದರೆ ಊರು ಉದ್ಧಾರವಾಯಿತೇ? ಚಿಕ್ಕೋಡಿಯಿರಲಿ, ರಾಯಬಾಗವಿರಲಿ, ಅಥಣಿಯಿರಲಿ, ಹೆಣ್ಣುಮಕ್ಕಳು ಮನೆ ಮುಟ್ಟುವುದು ಓಣಿಯ ದಾರಿಯಿಂದ. ನಿಪ್ಪಾಣಿಯಲ್ಲಿ ಬೀಡಿ, ತಂಬಾಕಿನ ಕೆಲಸ ಮುಗಿಸಿ ಬರುವವರಿಗೆ ಬೇಕಾದದ್ದು ಕಾಲ ಮುಂದಿನ ಬೆಳಕು.

ನಮ್ಮ ಓಣಿಯ ಸೋಲಾರ್ ದೀಪ ಆರಿ ಎರಡು ವರ್ಷವಾಯಿತು. ಬ್ಯಾಟರಿ ಸತ್ತಿದೆ, ಬದಲಿಸುವವರಿಲ್ಲ. ಅತ್ತ ದೊಡ್ಡ ರಸ್ತೆಯ ದೀಪಗಳು ಹಾಡಹಗಲೇ ಉರಿಯುತ್ತವೆ. 250 ವ್ಯಾಟಿನ ಹಳೆಯ ಸೋಡಿಯಂ ದೀಪ 4 ತಾಸು ಸುಮ್ಮನೆ ಉರಿದರೆ ಒಂದು ಯೂನಿಟ್ ಹಾಳು. ಆ ಬಿಲ್ಲು ತೀರುವುದು ನಮ್ಮ ತೆರಿಗೆಯಿಂದಲೇ.

2015ರಲ್ಲಿ ಕೇಂದ್ರ ಸರಕಾರ ಬೀದಿದೀಪಗಳನ್ನು ಎಲ್‌ಇಡಿಗೆ ಬದಲಿಸುವ ಯೋಜನೆ ತಂದಿತು. ಒಳ್ಳೆಯದೇ. ಆದರೆ ಬಲ್ಬು ಬದಲಿಸಿದರಷ್ಟೇ ಸಾಲದು. ಬೆಳಕು ನೆಲಕ್ಕೆ ಬೀಳುವಂತೆ ದೀಪಕ್ಕೆ ಮೇಲೊಂದು ಮರೆ ಬೇಕು, ಬೆಳಗಾದೊಡನೆ ತಾನೇ ಆರುವ ಸ್ವಿಚ್ಚು ಬೇಕು, ಕೆಟ್ಟರೆ ರಿಪೇರಿ ಮಾಡುವ ಕೈ ಬೇಕು.

ಕಂದೀಲಿನ ಮುಂದೆ ಕುಳಿತು ಓದಿದ ನಾನು ಬೆಳಕಿನ ವೈರಿಯಲ್ಲ. ಓದು ಮುಗಿದೊಡನೆ ಅವ್ವ ಬತ್ತಿ ಇಳಿಸುತ್ತಿದ್ದಳು. ಎಣ್ಣೆಯ ಬೆಲೆ ಅವಳಿಗೆ ಗೊತ್ತಿತ್ತು. ಆ ಬುದ್ಧಿ ಊರಾಳುವವರಿಗೆ ಬೇಡವೇ?

ಅಕ್ಕತಂಗಿಯರೇ, ಓಟು ಕೇಳಲು ಬಂದವರನ್ನು ಮನೆಯೊಳಗೆ ಕರೆದು ಚಹಾ ಕೊಡಬೇಡಿ. ಸಂಜೆ ಬರಹೇಳಿ, ಆರಿದ ಕಂಬದ ಕೆಳಗೆ ನಿಲ್ಲಿಸಿ ಮಾತಾಡಿಸಿ.