‘ಹೊಂದಿಸಿಕೊಂಡು ಹೋಗವ್ವ’ ಅನ್ನುವುದನ್ನು ನಿಲ್ಲಿಸೋಣ



ನರ್ಸಿಂಗ್ ಅಸಿಸ್ಟೆಂಟ್ ತರಬೇತಿಗೆ ಸೇರಿದ ಹೆಣ್ಣುಮಕ್ಕಳಿಗೆ, ಸೊಸೆಯಂದಿರಿಗೆ ನಮ್ಮ ಕಡೆ ಎಲ್ಲರೂ ಕೊಡುವ ಸಲಹೆ ಒಂದೇ: “ಹೊಂದಿಸಿಕೊಂಡು ಹೋಗವ್ವ.” ಕೇಳಲು ಪ್ರೀತಿಯ ಮಾತು. ನಿಜದಲ್ಲಿ ಇದು ಪಿಲಾತನ ಹಾಗೆ ಕೈ ತೊಳೆದುಕೊಳ್ಳುವ ಮಾತು.

ಅವಳ ಒಂದು ದಿನ ಲೆಕ್ಕ ಹಾಕಿ. ಬೆಳಗ್ಗೆ ನೀರು, ರೊಟ್ಟಿ, ಮಕ್ಕಳ ಡಬ್ಬಿ. ಲೋಹಾರಾದಿಂದ ಉಮರ್ಗಾಕ್ಕೆ ಎಸ್‌ಟಿ ಬಸ್. ತರಗತಿ ಮುಗಿದ ಮೇಲೆ ವಾರ್ಡು: ಹಾಸಿಗೆ ಹಿಡಿದವರ ಮಗ್ಗುಲು ಬದಲಿಸಬೇಕು, ಮೈ ಒರೆಸಬೇಕು, ಜ್ವರ, ಬಿಪಿ ನೋಡಿ ಬರೆಯಬೇಕು. ಫೀಸು ತುಂಬಲು ಅಂಗಡಿಯಲ್ಲೋ ಹೊಲದಲ್ಲೋ ದುಡಿಮೆ. ರಾತ್ರಿ ಮತ್ತೆ ಒಲೆ. ಸೋಯಾಬೀನ್ ರಾಶಿ ಬಂತೆಂದರೆ “ನಾಲ್ಕು ದಿನ ಕ್ಲಾಸ್ ಬಿಡು”. ಓದುವ ಹೊತ್ತು ಎಲ್ಲಿದೆ? ಅರ್ಧಕ್ಕೆ ಬಿಟ್ಟರೆ “ಅವಳಿಗೆ ಆಗಲಿಲ್ಲ” ಅನ್ನುತ್ತಾರೆ. ಆಗಲಿಲ್ಲವೋ, ಆಗಗೊಡಲಿಲ್ಲವೋ?

ಅದೇ ಮನೆಯ ಮಗ ಪೊಲೀಸ್ ಭರ್ತಿಗೆ ತಯಾರಿ ನಡೆಸಿದರೆ ಓಡಲು ಮೈದಾನ, ತಿನ್ನಲು ಮೊಟ್ಟೆ, ಓದಲು ಕೋಣೆ. ಅವನಿಗೆ ಯಾರೂ “ಹೊಂದಿಸಿಕೊಂಡು ಹೋಗಪ್ಪ” ಅನ್ನುವುದಿಲ್ಲ.

“ಹಾಗಾದರೆ ಮನೆ ನೋಡುವವರು ಯಾರು?” ಎಂದು ಹಿರಿಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಮರಾಠವಾಡಾದ ಅಂಚಿನಲ್ಲೇ ಇದೆ. ವೆಲ್ಲೂರಿನಲ್ಲಿ ಓದಿದ ಕ್ರೈಸ್ತ ದಂಪತಿ, ಡಾ. ರಜನಿಕಾಂತ್ ಆರೋಳೆ ಮತ್ತು ಡಾ. ಮೇಬೆಲ್ ಆರೋಳೆ, 1970ರಲ್ಲಿ ಜಾಮ್‌ಖೇಡದಲ್ಲಿ ಗ್ರಾಮೀಣ ಆರೋಗ್ಯ ಕೆಲಸ ಶುರುಮಾಡಿದರು. ಓದು ಬಾರದ, ಸಂಸಾರಸ್ಥ ಹಳ್ಳಿ ಹೆಂಗಸರನ್ನೇ ಆರೋಗ್ಯ ಸೇವಕಿಯರನ್ನಾಗಿ ತಯಾರು ಮಾಡಿದರು. ಆ ಹೆಂಗಸರು ಊರು ಬಿಡಲಿಲ್ಲ. ವಾರವಾರ ಬಂದು ಕಲಿತು, ಮರಳಿ ಹೋಗಿ ಕೆಲಸ ಮಾಡಿದರು. ಗಂಡಸರನ್ನೂ ರೈತ ಮಂಡಳಗಳ ಮೂಲಕ ಈ ಕೆಲಸದಲ್ಲಿ ಸೇರಿಸಿಕೊಂಡರು. 1979ರಲ್ಲಿ ಆ ದಂಪತಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅಲ್ಲಿ ತರಬೇತಿಯೇ ಹೆಂಗಸಿನ ಬದುಕಿಗೆ ಹೊಂದಿಕೊಂಡಿತು. ನಮ್ಮಲ್ಲಿ ಅವಳೊಬ್ಬಳೇ ಎಲ್ಲದಕ್ಕೂ ಹೊಂದಿಕೊಳ್ಳಬೇಕು!

ಇನ್ನೊಂದು ಮಾತು, ಫೀಸು ಕಟ್ಟುವ ಮೊದಲು. ಕೆಲವು ತಿಂಗಳ ಅಸಿಸ್ಟೆಂಟ್ ಕೋರ್ಸು ಮುಗಿಸಿದವರು ನರ್ಸ್ ಆಗುವುದಿಲ್ಲ. ಎಎನ್‌ಎಂಗೆ 2 ವರ್ಷ, ಜಿಎನ್‌ಎಂಗೆ 3 ವರ್ಷ ಓದಿ, ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆಗಬೇಕು. “ಆರೇ ತಿಂಗಳಲ್ಲಿ ನರ್ಸ್” ಎಂಬ ಬೋರ್ಡು ಕಂಡರೆ ಸರ್ಟಿಫಿಕೇಟ್ ಯಾರು ಕೊಡುತ್ತಾರೆ ಎಂದು ಕೇಳಿ. ಎಎನ್‌ಎಂ, ಜಿಎನ್‌ಎಂ ಇಡೀ ದಿನದ ಓದು. ಅದರ ಜೊತೆ ಹಗಲು ನೌಕರಿಯನ್ನೂ ಮಾಡು ಅನ್ನುವುದು ಸುಳ್ಳು ಧೈರ್ಯ. ಅಂಥವಳಿಗೆ ಬೇಕಾದದ್ದು ಮನೆಯ ಹಣ, ಮನೆಯ ಕೈ.

ಒಳ್ಳೆಯ ಸಮಾರಿಯದವನ ಕಥೆ ನಮಗೆಲ್ಲ ಬಾಯಿಪಾಠ. ಅವನು ಗಾಯಕ್ಕೆ ಎಣ್ಣೆ ಹಚ್ಚಿ ಸುಮ್ಮನಾಗಲಿಲ್ಲ. ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯ ಕೊಟ್ಟ, ಹೆಚ್ಚಾದದ್ದನ್ನು ಮರಳಿ ಬಂದು ಕೊಡುವೆನೆಂದ. ಆರೈಕೆಗೆ ಖರ್ಚಿದೆ, ಅದನ್ನು ಯಾರಾದರೂ ಹೊರಬೇಕು ಎಂದು ಅವನಿಗೆ ಗೊತ್ತಿತ್ತು. ನಮ್ಮ ಅಜ್ಜ ಹಾಸಿಗೆ ಹಿಡಿದಾಗ ನಾವು ಮೊದಲು ಕರೆಯುವುದು ಇದೇ ಹುಡುಗಿಯರನ್ನು. ಆಗ ಬೇಕು, ಓದುವಾಗ ಬೇಡವೇ?

ಆದ್ದರಿಂದ ಮೂರು ಕೆಲಸ ಮಾಡೋಣ. ಗಂಡ, ಅಣ್ಣತಮ್ಮಂದಿರು ಮನೆಯ ಒಂದು ಹೊತ್ತಿನ ಕೆಲಸವನ್ನು ಪೂರ್ತಿ ತಮ್ಮ ಮೇಲೆ ಹಾಕಿಕೊಳ್ಳಲಿ. “ಸಹಾಯ” ಎಂದಲ್ಲ, ತಮ್ಮ ಪಾಲು ಎಂದು. ಯುವಜನ ಸಂಘದವರು ಪರೀಕ್ಷೆಯ ವಾರ ಸರದಿಯ ಮೇಲೆ ಅವರ ಮಕ್ಕಳನ್ನು ನೋಡಿಕೊಳ್ಳೋಣ. ಚರ್ಚಿನ ಹಾಲ್ ಸಂಜೆ ಖಾಲಿಯೇ ಇರುತ್ತದೆ; ದೀಪ ಹಾಕಿ ಅವರಿಗೆ ಓದಲು ಬಿಟ್ಟುಕೊಡೋಣ.

ಅಲ್ಲಿಯವರೆಗೆ ಅವರಿಗೆ “ಹೊಂದಿಸಿಕೊಂಡು ಹೋಗು” ಎಂದು ಹೇಳುವ ಹಕ್ಕು ನಮಗಿಲ್ಲ.