ಹೋಟೆಲಿನಲ್ಲಿ ಸಂಸಾರದ ಊಟ

ಸಂಸಾರಸಮೇತರಾಗಿ ಹೋಟೆಲಿಗೆ ಹೋಗಿ ಉಣ್ಣುವ ರೂಢಿಯು ನಮ್ಮ ಮಲೆನಾಡಿನಲ್ಲಿಯೂ ಬೇರೂರಿರುವುದನ್ನು ಕಂಡು ಕೆಲವರು ಹಿರಿಯರು ಮರುಗುತ್ತಿರುವರು. ಮೇಳಿಗೆಯಿಂದಲೋ ಆರಗದಿಂದಲೋ ತೀರ್ಥಹಳ್ಳಿಯ ಪೇಟೆಗೆ ಬಂದವರು ಹಿಂದೆ ಬುತ್ತಿಯನ್ನು ತಂದು ತುಂಗೆಯ ದಡದಲ್ಲಿ ಬಿಚ್ಚುತ್ತಿದ್ದರು. ಈಗಲಾದರೋ ಜವಳಿಯ ವ್ಯಾಪಾರ ಮುಗಿದೊಡನೆ ಹೆಂಡತಿ ಮಕ್ಕಳೊಡನೆ ಹೋಟೆಲಿನ ಮೇಜಿಗೆ ಕೂರುವರು ಎಂಬುದು ಅವರ ದೂರು. ದುಂದುವೆಚ್ಚ, ಅನಾರೋಗ್ಯ, ಆಚಾರಹೀನತೆ ಎಂಬ ಮೂರು ದೋಷಗಳನ್ನು ಅವರು ಹೊರಿಸುವರು. ಮೊದಲಿನೆರಡರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಗೋಬಿ ಮಂಚೂರಿಗೆ ಬೆರೆಸುತ್ತಿದ್ದ ಕೃತಕ ಬಣ್ಣವನ್ನು ಸರ್ಕಾರವೇ 2024ರಲ್ಲಿ ನಿಷೇಧಿಸಬೇಕಾಯಿತು. ಆದರೆ ಮೂರನೆಯ ಆರೋಪವನ್ನು ನಾವು ಒಪ್ಪಲಾರೆವು.

ಆಚಾರವನ್ನು ಕುರಿತು ಮಾತನಾಡುವ ಮಹನೀಯರು ತಮ್ಮ ಮನೆಯೊಳಗಣ ಪಂಕ್ತಿಯನ್ನು ಒಮ್ಮೆ ನೋಡಿಕೊಳ್ಳಬೇಕು. ಅಕ್ಕಿಯ ರೊಟ್ಟಿಯನ್ನು ತಟ್ಟುವವಳು ಬಿಸಿ ರೊಟ್ಟಿಯನ್ನು ಉಂಡದ್ದುಂಟೆ? ಗಂಡಸರದ್ದಾಗಬೇಕು, ಅತಿಥಿಗಳದ್ದಾಗಬೇಕು, ಮಕ್ಕಳದ್ದಾಗಬೇಕು. ಅನಂತರ ಆರಿದ ಕಡುಬು, ಪಾತ್ರೆಯ ತಳದ ಸಾರು ಮನೆಯಾಕೆಯ ಪಾಲಿಗೆ. ಅನ್ನಪೂರ್ಣೆಯೆಂದು ಹೊಗಳಿ ಅವಳನ್ನು ಒಲೆಯ ಬಳಿಯಲ್ಲಿಯೇ ನಿಲ್ಲಿಸಿರುವ ಚಾತುರ್ಯವು ನಮ್ಮದು. ಹೋಟೆಲಿನಲ್ಲಿ ಆಕೆ ಎಲ್ಲರೊಡನೆ, ಎಲ್ಲರಷ್ಟೇ ಹೊತ್ತಿಗೆ ಕೂರುವಳು. ಏನು ಬೇಕೆಂದು ಆಕೆಯನ್ನೂ ಕೇಳುವರು. ಎಷ್ಟೋ ಮಂದಿ ಗೃಹಿಣಿಯರಿಗೆ ಈ ಪ್ರಶ್ನೆಯನ್ನು ಮೊದಲು ಹಾಕಿದವನು ಗಂಡನಲ್ಲ, ಹೋಟೆಲಿನ ಮಾಣಿ! ವಾಚಕರು ನಕ್ಕರೂ ಚಿಂತೆಯಿಲ್ಲ, ಸುಳ್ಳೆನ್ನಲಾರರು.

ಈ ಮೇಜೂ ಸುಲಭವಾಗಿ ದೊರೆತುದಲ್ಲ. ಉಡುಪಿಯ ಕಡೆಯ ಬಾಣಸಿಗರು ಬೆಂಗಳೂರು, ಮದರಾಸು, ಮುಂಬಯಿಗಳಿಗೆ ಹೋಗಿ ಹೋಟೆಲುಗಳನ್ನು ತೆರೆದ ಕಾಲದಲ್ಲಿ ಅನ್ನದ ಜೊತೆಗೆ ಮಡಿಯೂ ಪ್ರಯಾಣಮಾಡಿತು. ಇಂದು ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಪ್ರಖ್ಯಾತವಾಗಿರುವ ಸಂಸ್ಥೆಯು 1924ರಲ್ಲಿ ಆರಂಭವಾದಾಗ ಅದರ ಹೆಸರು ಬ್ರಾಹ್ಮಣರ ಕಾಫಿ ಕ್ಲಬ್ಬು. ಅಂದು ಇಂತಹ ಫಲಕಗಳು ಅಪರೂಪವೇನೂ ಆಗಿರಲಿಲ್ಲ. ಸಾರ್ವಜನಿಕ ಉಪಾಹಾರಗೃಹಗಳನ್ನು ಜಾತಿಯ ಕಾರಣದಿಂದ ಯಾರಿಗೂ ಮುಚ್ಚತಕ್ಕುದಲ್ಲವೆಂದು 1950ರ ಸಂವಿಧಾನವು ತನ್ನ ಹದಿನೈದನೆಯ ಅನುಚ್ಛೇದದಲ್ಲಿ ಸಾರಿತು. ಅಸ್ಪೃಶ್ಯತೆಯ ಆಚರಣೆಗೆ ದಂಡನೆಯನ್ನು ವಿಧಿಸುವ ಕಾಯಿದೆಯು 1955ರಲ್ಲಿ ಬಂದಿತು. ಅಷ್ಟಾದರೂ ಹೋಟೆಲಿನ ಫಲಕದಿಂದ ಜಾತಿಯ ಹೆಸರನ್ನು ಅಳಿಸಬೇಕೆಂದು ಪೆರಿಯಾರರ ಅನುಯಾಯಿಗಳು 1957ರಲ್ಲಿ ಮದರಾಸಿನಲ್ಲಿ ಚಳವಳಿ ಹೂಡಬೇಕಾಯಿತು.

ನಮ್ಮ ಸೀಮೆಯ ಮಾತನ್ನೇ ಹೇಳುವುದಾದರೆ, ಸಾಗರದ ಕಾಗೋಡಿನಲ್ಲಿ ಗೇಣಿದಾರರು 1951ರಲ್ಲಿ ಸತ್ಯಾಗ್ರಹ ಹೂಡಿದುದು ಭತ್ತವನ್ನು ಅಳೆಯುವ ಕೊಳಗದ ವಿಷಯದಲ್ಲಿ. ಒಡೆಯನ ಜಗಲಿಯ ಕೆಳಗೆ ನಿಂತು ಅಳೆದುಕೊಟ್ಟವರಿಗೆ 1974ರ ಭೂಸುಧಾರಣೆಯಿಂದ ಭೂಮಿ ಬಂದಿತು. ಅಂತಹವರ ಮೊಮ್ಮಕ್ಕಳೂ ಒಡೆಯರ ಮೊಮ್ಮಕ್ಕಳೂ ಇಂದು ಅಕ್ಕಪಕ್ಕದ ಮೇಜುಗಳಲ್ಲಿ ಕುಳಿತು ಒಂದೇ ಕಾವಲಿಯ ದೋಸೆಯನ್ನು ತಿನ್ನುವರು. ಜಗಲಿಯ ಮೇಲೆ ಈ ಕಾರ್ಯವು ಎಂದಿಗಾಗುತ್ತಿತ್ತೋ ನಾವರಿಯೆವು. ಹೋಟೆಲಿನಲ್ಲಿ ಯಾರ ಉಪನ್ಯಾಸವೂ ಇಲ್ಲದೆ ಆಯಿತು.

ಹೆಂಗಸರಿಗಾಗಿ ಪರದೆ ಇಳಿಬಿಟ್ಟ 'ಫ್ಯಾಮಿಲಿ ರೂಮು' ಎಂಬ ಕತ್ತಲೆಯ ಗೂಡುಗಳಿದ್ದುವು. ಅವು ಬಹಳ ಕಡೆ ಹೋದುದು ಒಳ್ಳೆಯದೇ ಆಯಿತು. 2023ರ ಜೂನಿನಿಂದ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣವು ದೊರೆತ ಮೇಲೆ, ಗಂಡಸಿನ ಬೆಂಗಾವಲಿಲ್ಲದೆ ಅತ್ತೆ ಸೊಸೆಯರು ಕೂಡಿ ಬಂದು, ಉಂಡು, ಗಲ್ಲಾದಲ್ಲಿ ತಾವೇ ಹಣವೆಣಿಸಿ ಕೊಡುವ ದೃಶ್ಯವೂ ಪೇಟೆಗಳಲ್ಲಿ ಕಾಣುವುದು. (ಖಾಸಗಿ ಬಸ್ಸುಗಳನ್ನೇ ನಂಬಿದ ಮಲೆನಾಡಿನ ಹಳ್ಳಿಗಳಿಗೆ ಈ ಸೌಕರ್ಯವು ಅರೆಬರೆಯಾಗಿ ಮುಟ್ಟಿದೆ, ಅದು ಬೇರೆ ವಿಚಾರ.)

ಹೀಗೆ ಹೊಗಳಿದ ಮೇಲೆ ಆ ಮೇಜಿನಲ್ಲಿ ಇಲ್ಲದವರನ್ನು ಮರೆಯುವುದು ನ್ಯಾಯವಲ್ಲ. ಬೆಳಗಿನಿಂದ ಸಂಸಾರವನ್ನು ಊರೂರಿಗೆ ಸುತ್ತಿಸಿದ ಕಾರಿನ ಚಾಲಕನು ಹೊರಗೆ ಕಾಯುತ್ತಿರುವನು. ಕೂಸನ್ನು ಎತ್ತಿಕೊಂಡು ಬಂದ ಕೆಲಸದ ಹುಡುಗಿಯು ಗೋಡೆಗೆ ಒರಗಿ ನಿಂತಿರುವಳು. ಹೋಟೆಲಿನವನು ಅವರನ್ನು ತಡೆಯುವುದಿಲ್ಲ, ಕಾನೂನೂ ತಡೆಯುವುದಿಲ್ಲ, ತಡೆಯುವವರು ಯಜಮಾನರೇ. ತನಗೆ ಪಂಕ್ತಿಯಲ್ಲಿ ಸ್ಥಳ ದೊರೆತೊಡನೆ ಇನ್ನೊಬ್ಬಳನ್ನು ನಿಲ್ಲಿಸಿಕೊಂಡು ಉಣ್ಣುವ ಗೃಹಿಣಿಯರಿಗೂ ಈ ಮಾತು ಸಲ್ಲುವುದು. ಇನ್ನೊಂದು ದೋಸೆಯ ಬೆಲೆಯಿಂದ ಯಾವ ಸಂಸಾರವೂ ಮುಳುಗದು.

ಇನ್ನು, ಮೇಜನ್ನು ಒರೆಸುವ ಹುಡುಗನ ವಯಸ್ಸೆಷ್ಟು? ಹೋಟೆಲು, ಢಾಬಾಗಳಲ್ಲಿ ಹದಿನಾಲ್ಕು ವರ್ಷ ತುಂಬದ ಮಕ್ಕಳಿಂದ ದುಡಿಸಿಕೊಳ್ಳುವುದು 2006ರ ಅಕ್ಟೋಬರ್ 10ರಿಂದ ನಿಷಿದ್ಧವಾಗಿದೆ. 2016ರ ತಿದ್ದುಪಡಿಯು ಅದನ್ನು ಇನ್ನಷ್ಟು ಬಿಗಿಗೊಳಿಸಿತು. ನಮ್ಮ ಮಕ್ಕಳು ಐಸ್‌ಕ್ರೀಮಿಗಾಗಿ ಹಠಹಿಡಿಯುವಾಗ ಅದೇ ಪ್ರಾಯದ ಮತ್ತೊಂದು ಮಗು ಎಂಜಲು ತಟ್ಟೆಯನ್ನು ಎತ್ತಿದರೆ ಅದನ್ನು ಕಂಡೂ ಕಾಣದಂತಿರುವುದು ಯಾವ ಆಚಾರ? ಗಿರಾಕಿಗಳು ಗಲ್ಲಾದ ಬಳಿ ಕೇಳಬೇಕು. ಉತ್ತರವು ಸಮರ್ಪಕವಾಗಿಲ್ಲದಿದ್ದರೆ 1098ಕ್ಕೆ ಫೋನು ಮಾಡಬೇಕು.

ತೀರ್ಥಹಳ್ಳಿಯ ಎಳ್ಳಮಾವಾಸ್ಯೆಯ ಜಾತ್ರೆಯಲ್ಲಿ ಪ್ರತಿವರ್ಷವೂ ಜನವು ಕಿಕ್ಕಿರಿಯುವುದು. ಅಂತಹ ದಿನಗಳಲ್ಲಿ ಊಟ ತಿಂಡಿಯ ಅಂಗಡಿಗಳಿಗೆ ಕೈಯಾಳುಗಳು ಸಾಲದೆ ಬರುವುದು ಸಹಜ. ಕಾರ್ಮಿಕ ಇಲಾಖೆಯ ಅಧಿಕಾರಿಗಳು ಆಗ ತಪಾಸಣೆಗೆ ಬರಬೇಕೆಂದು ನಮ್ಮ ವಿನಂತಿ. ಬಂದವರು ಮುಂದಿನ ಮೇಜಿನಲ್ಲಿ ಕಾಫಿ ಕುಡಿದು ಹಿಂದಿರುಗದೆ, ಪಾತ್ರೆ ತೊಳೆಯುವ ಹಿತ್ತಿಲ ಬಾಗಿಲಿನಿಂದಲೇ ಒಳಹೊಗುವುದು ಉಚಿತ.