ಈ ವರ್ಷ ನಾನು ಕಂಡ ಚಿತ್ರಗಳು

ಚಲಚ್ಚಿತ್ರದ ಹೆಸರೆತ್ತಿದೊಡನೆ ನಮ್ಮಲ್ಲಿ ಎರಡು ಪಕ್ಷಗಳು ಎದ್ದು ನಿಲ್ಲುತ್ತವೆ. ಸಿನಿಮಾ ನೋಡಿಯೇ ಹುಡುಗರು ಕೆಟ್ಟರೆಂದು ಹೇಳುವ ಹಿರಿಯರದು ಒಂದು ಪಕ್ಷ. ಮೆಚ್ಚಿನ ನಟನ ಕಟೌಟಿಗೆ ಹಾಲೆರೆದು ಬಂದು, ಅವನ ಚಿತ್ರದಲ್ಲಿ ಕುಂದು ಹುಡುಕಿದವರ ಮೇಲೆ ಜಗಳಕ್ಕೆ ನಿಲ್ಲುವ ಗೆಳೆಯರದು ಮತ್ತೊಂದು. ಇವೆರಡರ ನಡುವೆ ಮೂರನೆಯದೊಂದು ಪಕ್ಷವೂ ನಮ್ಮ ಕಾಲೇಜಿನಲ್ಲಿ ಬೆಳೆಯುತ್ತಿದೆ. ಪ್ರಶಸ್ತಿ ಪಡೆದ ಚಿತ್ರವಲ್ಲದೆ ಬೇರೆಯದನ್ನು ನೋಡುವುದು ಓದಿದವರಿಗೆ ತಕ್ಕುದಲ್ಲವೆಂಬುದು ಇವರ ಮತ. ಮೊದಲಿನ ಎರಡು ಪಕ್ಷಗಳಿಗೆ ಉತ್ತರ ಹೇಳಲು ಬೇಕಾದಷ್ಟು ಜನರಿದ್ದಾರೆ. ನನ್ನ ಮಾತು ಮುಖ್ಯವಾಗಿ ಈ ಮೂರನೆಯವರೊಡನೆ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ನಮ್ಮವ್ವನಿಗೆ ರುಜು ಹಾಕುವಷ್ಟು ಅಕ್ಷರ ಬರುತ್ತದೆ, ಅಷ್ಟೇ. ಆದರೆ ಚಿತ್ರಗಳ ವಿಷಯದಲ್ಲಿ ಅವಳಿಗೆ ಖಚಿತವಾದ ಅಭಿಪ್ರಾಯಗಳುಂಟು. ನಮ್ಮೂರಿನ ಟೆಂಟು ಸಿನಿಮಾ ನಾನು ಹುಟ್ಟುವ ಮೊದಲೇ ಎತ್ತಿಹೋಗಿತ್ತು. ಅಲ್ಲಿ ನೆಲದ ಮೇಲೆ ಕುಳಿತು ಅವಳು ನೋಡಿದ ಚಿತ್ರಗಳನ್ನು ಇಂದು ನಾನು ಮೊಬೈಲಿನಲ್ಲಿ ನೋಡುತ್ತೇನೆ. ಈ ವರ್ಷ ರಜೆಯಲ್ಲಿ ಅವಳೊಡನೆ, ಉಳಿದ ದಿನಗಳಲ್ಲಿ ವಿದ್ಯಾರ್ಥಿನಿಲಯದ ಗೆಳತಿಯರೊಡನೆ, ಹಳೆಯವೂ ಹೊಸವೂ ಸೇರಿ ಹಲವು ಕನ್ನಡ ಚಿತ್ರಗಳನ್ನು ನೋಡಿದೆ. ಅವು ಪೌರಾಣಿಕವಿರಲಿ, ಸಾಮಾಜಿಕವಿರಲಿ, ಹಾಸ್ಯವಿರಲಿ, ಹೊಡೆದಾಟದ್ದಿರಲಿ, ನಾನು ಕೇಳಿಕೊಂಡ ಪ್ರಶ್ನೆ ಒಂದೇ: ತೆರೆಯ ಮೇಲಿರುವ ಮನುಷ್ಯನನ್ನು ಈ ಚಿತ್ರ ಮನುಷ್ಯನೆಂದು ಕಂಡಿದೆಯೆ?

ಪೌರಾಣಿಕದಿಂದಲೇ ಆರಂಭಿಸುತ್ತೇನೆ. ಎಚ್.ಎಲ್.ಎನ್. ಸಿಂಹ ಅವರು ನಿರ್ದೇಶಿಸಿದ 'ಬೇಡರ ಕಣ್ಣಪ್ಪ' ತೆರೆ ಕಂಡದ್ದು 1954ರಲ್ಲಿ. ರಾಜ್‌ಕುಮಾರ್ ನಾಯಕರಾಗಿ ನಟಿಸಿದ ಮೊದಲ ಚಿತ್ರವಿದು. ನಾಟಕ ಕಂಪೆನಿಯ ವಾಸನೆ ಅದರಲ್ಲಿ ಇನ್ನೂ ಆರಿಲ್ಲ. ಮಾತು ದೊಡ್ಡದು, ಅಭಿನಯ ದೊಡ್ಡದು, ನಡುನಡುವೆ ಹಾಡು. ಇಂದಿನ ಕಣ್ಣಿಗೆ ಇದು ನಿಧಾನವೆಂದು ತೋರುವುದು ಸಹಜ. ಆದರೂ ಶಾಸ್ತ್ರವರಿಯದ ಬೇಡನೊಬ್ಬ ತನಗೆ ತಿಳಿದ ರೀತಿಯಲ್ಲಿ, ತಾನು ತಿನ್ನುವುದನ್ನೇ ದೇವರಿಗೆ ಅರ್ಪಿಸುತ್ತಾನಲ್ಲ, ಆ ಭಾಗದಲ್ಲಿ ನಗಲು ಯಾರಿಗೂ ಮನಸ್ಸು ಬರುವುದಿಲ್ಲ. ಓದು ಬಾರದವನ ಭಕ್ತಿ ಓದಿದವನ ಪೂಜೆಗಿಂತ ಕಡಮೆಯಲ್ಲವೆಂಬ ಮಾತನ್ನು ನಮ್ಮ ಜನ ಟೆಂಟಿನಲ್ಲಿ ಕುಳಿತು ಕಣ್ಣಾರೆ ಕಂಡರು. ಇದು ಸಣ್ಣ ಸಂಗತಿಯೆಂದು ನನಗನ್ನಿಸದು.

ಸಾಮಾಜಿಕ ಚಿತ್ರಗಳಲ್ಲಿ ನನ್ನನ್ನು ಬಹಳ ಕಾಡಿದ್ದು 'ಬಂಗಾರದ ಮನುಷ್ಯ'. ಟಿ.ಕೆ. ರಾಮರಾವ್ ಅವರ ಕಾದಂಬರಿಯನ್ನು ಆಧರಿಸಿ ಸಿದ್ಧಲಿಂಗಯ್ಯನವರು ನಿರ್ದೇಶಿಸಿದ ಈ ಚಿತ್ರ 1972ರದು. ಅದನ್ನು ನೋಡಿ ಪಟ್ಟಣ ಬಿಟ್ಟು ಹಳ್ಳಿಗೆ ಬೇಸಾಯಕ್ಕೆ ಮರಳಿದ ಯುವಕರಿದ್ದರೆಂದು ಹೇಳುವುದುಂಟು. ಚಿತ್ರವನ್ನು ಹೊಗಳುವವರೆಲ್ಲರೂ ರಾಜೀವ ಬಂಡೆ ಒಡೆದು ಹೊಲ ಮಾಡಿದ್ದನ್ನೇ ಹೇಳುತ್ತಾರೆ. ನನ್ನ ಮನಸ್ಸು ನಿಂತದ್ದು ಬೇರೆಡೆ. ಗಂಡನನ್ನು ಕಳೆದುಕೊಂಡ ಅಕ್ಕನ ಸಂಸಾರವನ್ನು ರಾಜೀವ ಹೆಗಲ ಮೇಲೆ ಹೊತ್ತು, ಅವಳ ಮಕ್ಕಳನ್ನು ಓದಿಸುತ್ತಾನೆ. ಹಾಗೆ ಓದಿದ ಅಕ್ಕನ ಮಗನೇ ಕಡೆಗೆ ಮಾವನ ಮೇಲೆ ಸಂಶಯಪಟ್ಟು ಆಡಬಾರದ ಮಾತಾಡುತ್ತಾನೆ. ಮಾವ ಎದುರು ಮಾತಾಡದೆ ಊರು ಬಿಟ್ಟು ನಡೆಯುತ್ತಾನೆ.

ಈ ಚಿತ್ರ ಮುಗಿದಾಗ ನಮ್ಮವ್ವ, "ಓದ್ದೋರು ಇಂಗೇ ಕಣವ್ವ" ಎಂದಳು. ನನ್ನನ್ನು ಕುರಿತು ಹೇಳಿದ ಮಾತಲ್ಲ ಅದು. ಆದರೆ ಮೂರು ವರ್ಷದಿಂದ ನನ್ನ ಶುಲ್ಕಕ್ಕೆ, ಬಸ್ಸಿನ ಪಾಸಿಗೆ, ಪುಸ್ತಕಕ್ಕೆ ದುಡಿದ ಕೈ ಅವಳದು. ಮೊದಲ ತಲೆಮಾರಿನ ಪದವೀಧರರಾಗಲಿರುವ ನಾವೆಲ್ಲರೂ ಈ ಚಿತ್ರವನ್ನು ರಾಜೀವನ ಪಕ್ಕದಲ್ಲಿ ನಿಂತು ನೋಡುತ್ತೇವೆ; ಅವನಿಗಾಗಿ ಕಣ್ಣೀರಿಡುತ್ತೇವೆ. ನಾವು ನಿಜವಾಗಿ ಕುಳಿತಿರುವುದಾದರೂ ಆ ಅಕ್ಕನ ಮಗನ ಜಾಗದಲ್ಲಿ. ನಮಗೆ ಅನ್ನ ಹಾಕಿದವರ ಮಾತು ಒರಟು, ರುಚಿ ಕೀಳು, ಲೆಕ್ಕ ತಪ್ಪು ಎಂದು ನಮಗನ್ನಿಸತೊಡಗಿದ ದಿನ ನಾವು ಆ ಪಾತ್ರವನ್ನು ವಹಿಸಿಕೊಂಡಂತೆಯೇ. ಐವತ್ತು ವರ್ಷಕ್ಕೂ ಹಿಂದಿನ ಒಂದು ಜನಪ್ರಿಯ ಚಿತ್ರ ಇಷ್ಟನ್ನು ನಮಗೆ ಹೇಳಬಲ್ಲುದಾದರೆ, ಅದನ್ನು 'ಬರಿಯ ಮನರಂಜನೆ' ಎಂದು ತಳ್ಳಿಹಾಕುವುದು ಹೇಗೆ?

ಹಾಗೆಂದು ಪ್ರಶಸ್ತಿಯ ಚಿತ್ರಗಳು ನಮ್ಮ ಜನಕ್ಕೆ ಒಗ್ಗುವುದಿಲ್ಲವೆಂಬ ವಾದವನ್ನೂ ನಾನು ಒಪ್ಪಲಾರೆ. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿಯವರು 1977ರಲ್ಲಿ ಮಾಡಿದ 'ಘಟಶ್ರಾದ್ಧ' ಸ್ವರ್ಣಕಮಲ ಪಡೆದ ಚಿತ್ರ. ಜೀರ್ಣೋದ್ಧಾರಗೊಂಡ ಅದರ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ವೇದ ಕಲಿಯಲು ಬಂದ ನಾಣಿ ಎಂಬ ಪುಟ್ಟ ಹುಡುಗನ ಕಣ್ಣಿನಿಂದ ನಾವು ಯಮುನಕ್ಕನನ್ನು ಕಾಣುತ್ತೇವೆ. ಗಂಡ ಸತ್ತ ಹೆಣ್ಣು ಬಸುರಾದಳೆಂದು ತಿಳಿದ ಮೇಲೆ ಅಗ್ರಹಾರ ಅವಳನ್ನು ಬದುಕಿರುವಾಗಲೇ ಸತ್ತವಳೆಂದು ಎಣಿಸಿ ಹೊರಹಾಕುತ್ತದೆ. ಇದನ್ನು ನಮ್ಮವ್ವನಿಗೆ ತೋರಿಸಲು ನಾನು ಮೊದಲು ಹಿಂಜರಿದೆ. ಹಾಡಿಲ್ಲ, ಮಾತು ಕಡಮೆ, ಬಣ್ಣವೂ ಇಲ್ಲ. ಅವಳು ಕಡೆಯವರೆಗೆ ಅಲುಗಾಡದೆ ನೋಡಿದಳು. "ಗಂಡಸಿಗೇನೂ ಆಗ್ಲಿಲ್ವಲ್ಲ" ಎಂದು ಒಂದೇ ಮಾತು ಹೇಳಿ ಎದ್ದಳು. ವಿಮರ್ಶೆಯ ಪುಸ್ತಕಗಳು ಪುಟಗಟ್ಟಲೆ ವಿವರಿಸುವುದರ ತಿರುಳು ಇದೇ ತಾನೆ?

ಇನ್ನು ಹಾಸ್ಯ. ನಮ್ಮ ಚಿತ್ರಗಳ ಹಾಸ್ಯದಲ್ಲಿ ಬಹುಕಾಲ ಹಳ್ಳಿಯವನ ಮಾತೇ ನಗೆಯ ವಸ್ತು. ನಾಯಕ ಪುಸ್ತಕದ ಕನ್ನಡ ಆಡುತ್ತಾನೆ. ಅವನ ಆಳು ಮಂಡ್ಯದ್ದೋ ಧಾರವಾಡದ್ದೋ ಕನ್ನಡವಾಡಿ ನಗಿಸುತ್ತಾನೆ. ಮಂಡ್ಯದ ಕಡೆಯವಳಾದ ನನಗೆ ತರಗತಿಯಲ್ಲಿ ಬಾಯಿ ತೆರೆಯಲು ಒಂದು ವರ್ಷ ಹಿಡಿದದ್ದಕ್ಕೆ ಈ ನಗೆಯೂ ಒಂದು ಕಾರಣ. ರಾಮ್ ರೆಡ್ಡಿಯವರ 'ತಿಥಿ' ಈ ಲೆಕ್ಕವನ್ನು ತಿರುವು ಮುರುವು ಮಾಡಿತು. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಬಹುಮಾನ ಪಡೆದು, ಮರುವರ್ಷ ನಮ್ಮ ಚಿತ್ರಮಂದಿರಗಳಿಗೆ ಬಂದ ಚಿತ್ರವಿದು. ಹಿಂದೆಂದೂ ನಟಿಸದಿದ್ದ ಹಳ್ಳಿಯ ಜನರೇ ಇದರಲ್ಲಿ ಪಾತ್ರಧಾರಿಗಳು. ನೂರು ದಾಟಿದ ಸೆಂಚುರಿ ಗೌಡ ಸಾಯುತ್ತಾನೆ. ಹನ್ನೊಂದನೆಯ ದಿನದ ತಿಥಿಯೊಳಗೆ ಮೊಮ್ಮಗನಿಗೆ ಹೊಲ ಮಾರುವ ಆತುರ. ಆಸ್ತಿಯ ಗೊಡವೆಯೇ ಬೇಡವೆಂದು ತಿರುಗುವ ಮಗ ಗಡ್ಡಪ್ಪ. ಬದುಕಿರುವ ತಂದೆಯನ್ನು ಕಾಗದದ ಮೇಲೆ ಸತ್ತವನೆಂದು ಬರೆಸುವವರೆಗೆ ಕಥೆ ಹೋಗುತ್ತದೆ. ಇಲ್ಲಿಯೂ ನಾವು ನಗುತ್ತೇವೆ. ಆದರೆ ಎಲ್ಲರೂ ಒಂದೇ ಕನ್ನಡ ಆಡುವುದರಿಂದ ಆ ನಗೆ ಮಾತಿನ ಮೇಲೆ ಬೀಳದೆ ಮನುಷ್ಯನ ಆಸೆಯ ಮೇಲೆ ಬೀಳುತ್ತದೆ.

2025ರಲ್ಲಿ ಬಂದ ಜೆ.ಪಿ. ತುಮಿನಾಡ್ ಅವರ 'ಸು ಫ್ರಂ ಸೋ' ಕರಾವಳಿಯ ಹಳ್ಳಿಯೊಂದರ ದೆವ್ವದ ಕಥೆ. ಹುಡುಗನೊಬ್ಬ ಮೈಮೇಲೆ ದೆವ್ವ ಬಂದಂತೆ ನಟಿಸಲು ಹೋಗಿ ಊರೇ ತಲೆಕೆಳಗಾಗುತ್ತದೆ. ಗೆಳತಿಯರೊಡನೆ ಹೊಟ್ಟೆ ಹಿಡಿದು ನಕ್ಕೆವು. ದೊಡ್ಡ ತಾರೆಯಿಲ್ಲದೆ, ನೆರೆಹೊರೆಯವರಂತಿರುವ ಮುಖಗಳಿಂದಲೇ ಚಿತ್ರಮಂದಿರ ತುಂಬಿತೆಂಬುದು ಸಂತೋಷದ ಸಂಗತಿ. ತೇಜಸ್ವಿಯವರ ಕಥೆಯಿಂದ ಮೂಡಿ 2023ರಲ್ಲಿ ಬಂದ 'ಡೇರ್‌ಡೆವಿಲ್ ಮುಸ್ತಾಫಾ' ನಮ್ಮಂಥ ಕಾಲೇಜಿನದೇ ಕಥೆ. ತೇಜಸ್ವಿಯವರ ಓದುಗರು ಅನೇಕರು ಸೇರಿ ಹಣ ಹಾಕಿ ಮಾಡಿಸಿದ ಚಿತ್ರವದು. ತರಗತಿಗೆ ಹೊಸದಾಗಿ ಸೇರಿದ ಒಬ್ಬನೇ ಒಬ್ಬ ಮುಸ್ಲಿಂ ಹುಡುಗನನ್ನು ಉಳಿದವರು ಮೊದಲು ಹೇಗೆ ನೋಡುತ್ತಾರೆ, ಆಮೇಲೆ ಹೇಗೆ ನೋಡುತ್ತಾರೆ ಎಂಬುದನ್ನು ಉಪದೇಶವಿಲ್ಲದೆ, ಕ್ರಿಕೆಟ್ಟು ಕೀಟಲೆಗಳ ನಡುವೆ ತೋರಿಸುತ್ತದೆ. ಪ್ರತಿ ವರ್ಷ ಜೂನ್-ಜುಲೈನಲ್ಲಿ ಹೊಸಬರು ಬಂದಾಗ ಅವರಿಗೆ ಇದನ್ನು ತೋರಿಸುವುದು ಒಳಿತು.

ಕಡೆಯದಾಗಿ ಹೊಡೆದಾಟದ ಚಿತ್ರ. 'ಕೆ.ಜಿ.ಎಫ್.'ನ ಎರಡು ಭಾಗಗಳು 2018 ಮತ್ತು 2022ರಲ್ಲಿ ಬಂದು ದೇಶದಾದ್ಯಂತ ಓಡಿದವು. ಛಾಯಾಗ್ರಹಣ, ಸಂಗೀತ, ವೇಗ, ಇವುಗಳಲ್ಲಿ ಕನ್ನಡ ಚಿತ್ರ ಯಾರಿಗೂ ಕಡಮೆಯಲ್ಲವೆಂದು ಅದು ತೋರಿಸಿಕೊಟ್ಟಿತು. ನನ್ನ ಆಕ್ಷೇಪಣೆ ಒಂದೇ. ಅದರ ಗಣಿಯಲ್ಲಿ ಸಾವಿರಾರು ಕೂಲಿಗಳಿದ್ದಾರೆ. ಮೈಗೆ ಮಸಿ ಬಳಿದುಕೊಂಡು ನಾಯಕನ ದಾರಿ ನೋಡುವುದೇ ಅವರಲ್ಲಿ ಬಹುಪಾಲಿನವರ ಕೆಲಸ. ನಿಜವಾದ ಕೋಲಾರದ ಗಣಿ 3 ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ನಮ್ಮ ಜಿಲ್ಲೆಯ ಶಿವನಸಮುದ್ರದಿಂದ 1902ರಲ್ಲಿ ವಿದ್ಯುತ್ತು ಹರಿದದ್ದು ಅದಕ್ಕೇ. 2001ರಲ್ಲಿ ಆ ಗಣಿ ಮುಚ್ಚಿತು. ದುಡಿದ ಸಂಸಾರಗಳು ಕೆಲಸಕ್ಕಾಗಿ ರೈಲು ಹತ್ತಿ ಬೆಂಗಳೂರಿಗೆ ಹೋಗಿಬರುವುದನ್ನು ಕಲಿತವು. ಕಟ್ಟುಕಥೆಗೆ ಇತಿಹಾಸದ ಲೆಕ್ಕ ಒಪ್ಪಿಸುವ ಹಂಗಿಲ್ಲ, ನಿಜ. ಆದರೆ ಅಷ್ಟು ಆಳಕ್ಕೆ ಇಳಿದು ಬಂದವರ ಒಂದು ಮನೆಯ ಒಳಗೆ ಕ್ಯಾಮೆರಾ ಕೊಂಚ ಹೊತ್ತು ನಿಂತಿದ್ದರೆ ನಾಯಕನ ಎತ್ತರವೇನೂ ತಗ್ಗುತ್ತಿರಲಿಲ್ಲ.

ಒಟ್ಟಿನಲ್ಲಿ ನನಗೆ ತೋರಿದ್ದಿಷ್ಟು. ಒಳ್ಳೆಯ ಚಿತ್ರ, ಕೆಟ್ಟ ಚಿತ್ರ ಎಂಬ ಗೆರೆ ಪ್ರಶಸ್ತಿಯ ಚಿತ್ರಕ್ಕೂ ಪೇಟೆಯ ಚಿತ್ರಕ್ಕೂ ನಡುವೆ ಹಾದುಹೋಗುವುದಿಲ್ಲ. ಹಾಗೆಯೇ ರುಚಿಯ ಗೆರೆ ಓದಿದವರಿಗೂ ಓದದವರಿಗೂ ನಡುವೆ ಹಾದುಹೋಗುವುದಿಲ್ಲ. ನಮ್ಮ ತಂದೆತಾಯಿಗಳಿಗೆ ಚಿತ್ರ ನೋಡಲು ಬರುತ್ತದೆ. ನೋಡಿದ್ದನ್ನು ಹೇಳು ಎಂದು ಅವರನ್ನು ಕೇಳಿದವರು ಕಡಮೆ.

ಆದುದರಿಂದ ಅಧ್ಯಾಪಕವರ್ಗದವರಲ್ಲಿಯೂ ಸಹಪಾಠಿಗಳಲ್ಲಿಯೂ ನನ್ನದೊಂದು ವಿಜ್ಞಾಪನೆ. ನಮ್ಮ ಕಾಲೇಜಿನ ಸಭಾಂಗಣದಲ್ಲಿ ತೆರೆಯುಂಟು, ಯಂತ್ರವುಂಟು; ವರ್ಷದ ಬಹುಪಾಲು ದಿನ ಬೀಗವೂ ಉಂಟು. ತಿಂಗಳಿಗೊಂದು ಶನಿವಾರ ಆ ಬೀಗ ತೆಗೆಯಲಿ. ಒಮ್ಮೆ ಹಳೆಯದು, ಒಮ್ಮೆ ಹೊಸದು, ಒಮ್ಮೆ ನಗಿಸುವುದು, ಒಮ್ಮೆ ಅಳಿಸುವುದು ಬರಲಿ. ಚಿತ್ರ ಮುಗಿದ ಮೇಲೆ ಅರ್ಧ ಗಂಟೆ ಚರ್ಚೆಯಾಗಲಿ. ಜವಾನರು, ವಿದ್ಯಾರ್ಥಿನಿಲಯದ ಅಡಿಗೆಯವರು, ಊರಿನಿಂದ ಬರಬಲ್ಲ ನಮ್ಮ ತಂದೆತಾಯಿಗಳು, ಎಲ್ಲರಿಗೂ ಮುಂದಿನ ಸಾಲಿನಲ್ಲಿ ಜಾಗವಿರಲಿ; ಮೊದಲ ಮಾತು ಅವರದಾಗಲಿ. ನಾನು ಈ ವರ್ಷ ಕಾಲೇಜು ಬಿಡುವವಳು. ಹಾಗೊಂದು ಪ್ರದರ್ಶನ ನಡೆಯುವುದೆಂದು ತಿಳಿದರೆ ನಮ್ಮವ್ವನನ್ನು ಕರೆದುಕೊಂಡು ತಪ್ಪದೆ ಬರುತ್ತೇನೆ.